ಶುಕ್ರವಾರದ ಪಾಠ ಮಾಡಿದವರು ಯಾರು?

ಸಮ್ಮೇಳನದ ಹೆಸರು 'ಸಾಹಿತ್ಯ ಮತ್ತು ಇಂಗ್ಲಿಷ್ ಬೋಧನೆಯಲ್ಲಿ ಹೆಬ್ಬಾಗಿಲುಗಳು'. ಆ ಹೆಸರನ್ನು ಇಪ್ಪತ್ತು ಅಡಿ ಉದ್ದದ ಬ್ಯಾನರಿನಲ್ಲಿ ಬರೆಸಿ, ಕಾಲೇಜಿನ ಹೆಬ್ಬಾಗಿಲಿನ ಎರಡೂ ಕದಗಳಿಗೆ ಸೇರಿಸಿ ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದ್ದರು. ಕಟ್ಟಿ ಆದ ಮೇಲೆ ತಿಳಿದದ್ದು, ಇನ್ನು ಬಾಗಿಲು ತೆರೆಯುವಂತಿಲ್ಲ ಎಂದು. ತೆರೆದರೆ ಬ್ಯಾನರು ನಟ್ಟನಡುವೆ ಹರಿಯುತ್ತದೆ. ಪ್ರಾಂಶುಪಾಲರು ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ಇರಲಿ ಬಿಡ್ರಿ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ" ಎಂದು ಅಪ್ಪಣೆ ಕೊಡಿಸಿ ಹೋದರು. ಹೀಗಾಗಿ ಹೆಬ್ಬಾಗಿಲುಗಳ ಬಗ್ಗೆ ಮಾತನಾಡಲು ಬಂದ ನೂರಾ ಹನ್ನೆರಡು ಮಂದಿ ವಿದ್ವಾಂಸರೂ ಪಕ್ಕದ ದಿಡ್ಡಿ ಬಾಗಿಲಲ್ಲಿ ಸೊಂಟ ಬಗ್ಗಿಸಿಕೊಂಡು ಒಳಗೆ ಬಂದರು.

ದಿಡ್ಡಿಯ ಪಕ್ಕ ನಿಂತಿದ್ದ ಕಾವಲುಗಾರ ಒಬ್ಬೊಬ್ಬರಿಗೂ "ತಲೆ ಜೋಪಾನ ಸಾರ್" ಎಂದು ಹೇಳುತ್ತಲೇ ಇದ್ದ. ಅದೂ ಶುದ್ಧ ಇಂಗ್ಲಿಷಿನಲ್ಲಿ. ಆದರೂ ಇಂಗ್ಲಿಷ್ ಪ್ರಾಧ್ಯಾಪಕರಲ್ಲಿ ಐವರು ತಲೆ ಚಚ್ಚಿಕೊಂಡರು. ಕಾವಲುಗಾರ ಇಂಗ್ಲಿಷ್ ಮಾತಾಡಬಹುದೆಂದು ಅವರಿಗೆ ಹೊಳೆದಿರಲಿಲ್ಲ, ಪಾಪ. ಅವನ ಇಂಗ್ಲಿಷ್ ಎಂಟು ವರ್ಷದ ಹಿಂದೆ ಒಂದು ಶುಕ್ರವಾರ ಶುರುವಾದದ್ದು. ಆ ವಿಷಯ ಆಮೇಲೆ ಬರುತ್ತದೆ.

ಬ್ಯಾನರು ಕಟ್ಟಿದ್ದೊಂದನ್ನು ಬಿಟ್ಟರೆ ಈ ಸಮ್ಮೇಳನದ ಆಹ್ವಾನ ಪತ್ರದಿಂದ ಬಿಸ್ಕತ್ತಿನವರೆಗೆ ಎಲ್ಲವನ್ನೂ ಮಾಡಿದವಳು ಒಬ್ಬಳೇ. ಅವಳನ್ನು ಕಾಲೇಜಿನಲ್ಲಿ ಕರೆಯುವುದು ಹಂಗಾಮಿ ಮೇಡಂ ಎಂದು. ಹಂಗಾಮಿ ಎಂದರೆ ಕಾಯಂ ಆಗುವ ತನಕ ಇರುವವಳು. ಹನ್ನೊಂದು ವರ್ಷ ಕಳೆದರೂ ಆ 'ತನಕ' ಬಂದಿರಲಿಲ್ಲ. ಕಾಯಂ ಪ್ರಾಧ್ಯಾಪಕರು ಹೆಬ್ಬಾಗಿಲಲ್ಲಿ ಬರಬೇಕು, ಹಂಗಾಮಿಗಳು ದಿಡ್ಡಿಯಲ್ಲಿ ಬಂದು ಕಾವಲುಗಾರನ ಮುಂದಿನ ಪುಸ್ತಕದಲ್ಲಿ ಸಹಿ ಹಾಕಬೇಕು, ಅದು ಅಲ್ಲಿಯ ಕ್ರಮ. ಅಂದು ಬೆಳಿಗ್ಗೆ ದೊಡ್ಡದೊಡ್ಡವರೆಲ್ಲ ತನ್ನ ದಾರಿಯಲ್ಲೇ ಬಗ್ಗಿಕೊಂಡು ಬರುವುದನ್ನು ನೋಡಿ ಅವಳಿಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು.

ಖುಷಿಗೆ ಬೇರೆ ಕಾರಣವೂ ಇತ್ತು. ಹನ್ನೊಂದು ವರ್ಷದ ಮೇಲೆ ಇಂಗ್ಲಿಷ್ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಬಿದ್ದಿತ್ತು. ಸಂದರ್ಶನ ಸೋಮವಾರ. ವಯಸ್ಸಿನ ಮಿತಿ ನಲವತ್ತೈದು, ಅವಳಿಗೆ ನಲವತ್ತನಾಲ್ಕು ತುಂಬಿ ಹತ್ತು ತಿಂಗಳು. ಇದು ತಪ್ಪಿದರೆ ಮುಂದಿನದು ಎಂಬುದೇ ಇಲ್ಲ. ಅರ್ಜಿಯ ಎಲ್ಲ ಕಾಲಮ್ಮುಗಳೂ ತುಂಬಿದ್ದವು, ಒಂದು ಮಾತ್ರ ಖಾಲಿ: 'ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ, ಪ್ರಮಾಣಪತ್ರ ಲಗತ್ತಿಸಿ'.

ಪ್ರಬಂಧ ಬರೆದಿರಲಿಲ್ಲವೇ ಎಂದರೆ, ಅಯ್ಯೋ, ಇಪ್ಪತ್ತಮೂರು ಬರೆದಿದ್ದಳು. ಇಪ್ಪತ್ತಮೂರನ್ನೂ ಓದಿದವರು ವಿಭಾಗದ ಮುಖ್ಯಸ್ಥರು.

ಮುಖ್ಯಸ್ಥರಿಗೆ ಇದ್ದದ್ದು ಕಂಚಿನ ಕಂಠ. ಸ್ಟಾಫ್ ರೂಮಿನಲ್ಲಿ ಅವರ ಹೆಸರೂ ಅದೇ. ಅವರು ಬಾಯಿ ತೆರೆದರೆ ಕೊನೆಯ ಬೆಂಚಿನ ಕಿಟಕಿ ಗಾಜು ಕೂಡ ಕೇಳಿಸಿಕೊಳ್ಳುತ್ತಿತ್ತು. ಕೇಳದವರು ಒಬ್ಬರೇ, ಸ್ವತಃ ಅವರು. ವೇದಿಕೆಗೆ ಹತ್ತುವ ಮೊದಲು ಹಾಳೆಯ ಮೇಲೆ ಕಣ್ಣಾಡಿಸುವುದು ಅವರಿಗೆ ಅವಮಾನ. ಹಂಗಾಮಿ ಮೇಡಂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಉಸಿರು ತೆಗೆದುಕೊಳ್ಳಬೇಕಾದಲ್ಲಿ ಓರೆಗೆರೆ, ಕೈಯೆತ್ತಬೇಕಾದಲ್ಲಿ ಅಡಿಗೆರೆ ಹಾಕಿ ಕೊಡುತ್ತಿದ್ದಳು. ಅವರು ಓದುತ್ತಿದ್ದರು. ಒಮ್ಮೆ ಏಳನೇ ಪುಟ ಎರಡು ಸಲ ಅಚ್ಚಾಗಿತ್ತು. ಎರಡು ಸಲ ಓದಿದರು, ಜನ ಎರಡು ಸಲ ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ 'ಇಲ್ಲಿ ನೀರು ಕುಡಿಯಿರಿ' ಎಂದು ಅವಳು ಅಂಚಿನಲ್ಲಿ ಬರೆದದ್ದನ್ನೂ ಓದಿ ಹಾಕಿದರು. ಮುಂದಿನ ಸಾಲಿನವರು ವಿಧೇಯರಾಗಿ ನೀರು ಕುಡಿದರು.

ಪ್ರಶ್ನೋತ್ತರಕ್ಕೂ ಒಂದು ಏರ್ಪಾಡಿತ್ತು. ಯಾರಾದರೂ ಪ್ರಶ್ನೆ ಕೇಳಿದರೆ ಮುಖ್ಯಸ್ಥರು "ಬಹಳ ಒಳ್ಳೇ ಪ್ರಶ್ನೆ" ಎಂದು ಕಣ್ಣು ಮುಚ್ಚುತ್ತಿದ್ದರು. ಸಭೆ ಅದನ್ನು ಚಿಂತನೆ ಎಂದುಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಅವರ ಎಡಗೈ ಮೇಜಿನ ಹಿಂದಿನಿಂದ ಕೆಳಗೆ ಇಳಿಯುತ್ತಿತ್ತು. ವೇದಿಕೆಯ ಎಡಗಡೆಯ ಬಾಗಿಲ ಹತ್ತಿರ ನಿಂತ ಹಂಗಾಮಿ ಮೇಡಂ ಉತ್ತರ ಬರೆದ ಚೀಟಿಯನ್ನು ಆ ಕೈಗೆ ಇಡುತ್ತಿದ್ದಳು. ಅವರು ಕಣ್ಣು ತೆರೆದು ಅದನ್ನು ಓದುತ್ತಿದ್ದರು. ಆರು ವರ್ಷದಿಂದ ಒಂದು ಸಲವೂ ಎಡವಟ್ಟಾಗಿರಲಿಲ್ಲ.

ಈ ಸಲ ಮಾತ್ರ ಅವಳು ಹಟ ಹಿಡಿದಿದ್ದಳು. "ಸಾರ್, ನನಗೂ ಒಂದು ಪ್ರಬಂಧ ಓದೋಕೆ ಅವಕಾಶ ಕೊಡಿ. ಇಲ್ಲಾಂದ್ರೆ ಸಮ್ಮೇಳನದ ಕೆಲಸ ನನ್ ಕೈಲಾಗಲ್ಲ."

"ಅಯ್ಯೋ, ಅದಕ್ಕೇನಮ್ಮಾ, ನೀವು ಮನೆಯವರಿದ್ದ ಹಾಗೆ" ಎಂದು ಮುಖ್ಯಸ್ಥರು ಔದಾರ್ಯ ತೋರಿಸಿ, ಊಟವಾದ ಮೇಲೆ ಮೂರೂವರೆಗೆ, ಒಂಬತ್ತನೇ ಕೊಠಡಿಯಲ್ಲಿ, ಕಟ್ಟಕಡೆಯ ಹೆಸರಾಗಿ ಅವಳದನ್ನು ಸೇರಿಸಿದರು. ಒಂಬತ್ತನೇ ಕೊಠಡಿ ಎಂದರೆ ಮುರಿದ ಬೆಂಚುಗಳನ್ನು ಇಡುವ ಕೊಠಡಿ. ಹುದ್ದೆಗೆ ಬೇಕಾದ ಶಿಫಾರಸು ಪತ್ರದ ಬಗ್ಗೆ ಕೇಳಿದ್ದಕ್ಕೆ, "ಟೈಪ್ ಮಾಡಿ ಇಟ್ಟಿರಿ. ಸಮ್ಮೇಳನ ಸುಸೂತ್ರವಾಗಿ ಮುಗೀಲಿ, ಸಹಿ ಹಾಕ್ತೀನಿ" ಎಂದಿದ್ದರು. ಸುಸೂತ್ರವಾಗಿ ಎನ್ನುವ ಪದವನ್ನು ಸ್ವಲ್ಪ ಒತ್ತಿಯೇ ಹೇಳಿದ್ದರು.

ಬೆಳಿಗ್ಗೆ ಮನೆ ಬಿಡುವಾಗ ಎಂಟು ವರ್ಷದ ಮಗಳು ಶೂ ಲೇಸು ಕಟ್ಟಿಕೊಳ್ಳುತ್ತಾ ಕೇಳಿದ್ದಳು. "ಅಮ್ಮಾ, ಇವತ್ತು ಮೈಕಲ್ಲಿ ನೀನೇ ಮಾತಾಡ್ತೀಯಾ, ಇಲ್ಲಾ ಆ ಸಾರ್ ಬಾಯಲ್ಲಿ ಮಾತಾಡ್ತೀಯಾ?"

"ನಾನೇ ಕಣೇ."

"ಆಣೆ ಮಾಡು."

ಒಳಗಿನಿಂದ ಅವಳ ತಾಯಿ, "ಮಗು ಕೇಳಿದ್ರಲ್ಲಿ ತಪ್ಪೇನಿದೆ? ಹನ್ನೊಂದು ವರ್ಷದಿಂದ ನಿನ್ನ ನಾಲಿಗೇನ ಬಾಡಿಗೆಗೆ ಬಿಟ್ಟಿದೀಯ" ಎಂದು ಗೊಣಗಿದರು. ರೈಲಿನಲ್ಲಿ ಟಿಕೆಟ್ ತನಿಖೆಗೆ ಹೋದ ಗಂಡ ಎರಡು ದಿನದಿಂದ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಅವನೂ ಒಂದು ಮಾತು ಸೇರಿಸುತ್ತಿದ್ದ.

ಅವಳ ಚೀಲದಲ್ಲಿ ಎರಡು ಫೈಲುಗಳಿದ್ದವು. ನೀಲಿ ಫೈಲಿನಲ್ಲಿದ್ದದ್ದು ಮುಖ್ಯಸ್ಥರ ಆಶಯ ಭಾಷಣ, ಮೂವತ್ತೆರಡು ಪುಟ. ಅದರಲ್ಲಿ ಹೊಸ್ತಿಲು, ಅಂಚು, ಅಂತರಾಳ, ಅವಕಾಶ ಮುಂತಾದ ಮಾತುಗಳು ಒಂದರ ಬಾಲ ಒಂದು ಹಿಡಿದು ಸುತ್ತುತ್ತಿದ್ದವು. ಯಾರಿಗೂ ಏನೂ ಆಗದ ಹಾಗೆ ಎಚ್ಚರಿಕೆಯಿಂದ ಬರೆದಿದ್ದಳು. ಹಳದಿ ಫೈಲಿನಲ್ಲಿದ್ದದ್ದು ಅವಳದೇ ಪ್ರಬಂಧ, 'ದಿಡ್ಡಿಯಲ್ಲಿ ಬಂದ ಇಂಗ್ಲಿಷ್', ಹನ್ನೊಂದು ಪುಟ. ಕಾಲೇಜಿನ ಬಾಗಿಲಲ್ಲಿ ನಿಲ್ಲುವವರು, ಅದರೊಳಗೆ ಹಂಗಾಮಿಯಾಗಿ ಬಂದುಹೋಗುವವರು ಭಾಷೆಯನ್ನು ಹೇಗೆ ಕಲಿಯುತ್ತಾರೆ, ಕಲಿಸುತ್ತಾರೆ ಎಂದು ತನ್ನ ಅನುಭವದಿಂದಲೇ ಬರೆದದ್ದು. ಅವಳ ಹೊಸ ಕನ್ನಡಕ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಹಾಗಾಗಿ ತನ್ನದನ್ನೂ ಮುಖ್ಯಸ್ಥರ ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿದ್ದಳು. ಎಡವಟ್ಟಿಗೆ ಬೇಕಾದದ್ದೆಲ್ಲ ಹೀಗೆ ಒಂದು ಚೀಲದೊಳಗೇ ಸೇರಿಕೊಂಡಿತ್ತು.

ಹತ್ತಕ್ಕೆ ಶುರುವಾಗಬೇಕಿದ್ದ ಉದ್ಘಾಟನೆ ಹನ್ನೊಂದೂಕಾಲಿಗೆ ಶುರುವಾಯಿತು. ಬ್ಯಾನರಿನಲ್ಲಿ 'ಅಂತರರಾಷ್ಟ್ರೀಯ' ಎಂದಿತ್ತು. ಹೊರದೇಶದಿಂದ ಒಬ್ಬರು ಬರಬೇಕಿತ್ತು, ಬರಲಿಲ್ಲ. ಶುಭಾಶಯ ಕಳಿಸಿದ್ದರು, ಅಷ್ಟು ಸಾಕಾಯಿತು. ಸ್ವಾಗತ ಕೋರಿದವರು ಇಪ್ಪತ್ತು ನಿಮಿಷ ಕೋರಿದರು. ಅವರು ಸರಿಯಾಗಿ ಸ್ವಾಗತಿಸಲಿಲ್ಲವೆಂಬಂತೆ ಪ್ರಾಂಶುಪಾಲರು ಮತ್ತೆ ಅರ್ಧ ಗಂಟೆ ಸ್ವಾಗತಿಸಿದರು. ಬಾಗಿಲು ಎಂದರೆ ಮುಚ್ಚಿದಾಗ ಮುಚ್ಚಿರುತ್ತದೆ, ತೆರೆದಾಗ ತೆರೆದಿರುತ್ತದೆ ಎಂಬ ಗಹನವಾದ ವಿಚಾರವನ್ನು ಅವರು ಮೂರು ಬಗೆಯಲ್ಲಿ ವಿವರಿಸಿದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಮುಖ್ಯ ಅತಿಥಿ ಕೂತಿದ್ದರು. ಎಪ್ಪತ್ತು ದಾಟಿದ ನಿವೃತ್ತ ಪ್ರಾಧ್ಯಾಪಕಿ, ಕೈಯಲ್ಲಿ ಊರುಗೋಲು, ಕಿವಿಯಲ್ಲಿ ಕೇಳುವ ಯಂತ್ರ. ಸೋಮವಾರದ ಸಂದರ್ಶನ ಸಮಿತಿಯಲ್ಲಿ ಅವರೂ ಒಬ್ಬರು ಎಂದು ಎಲ್ಲರಿಗೂ ಗೊತ್ತಿತ್ತು. ಪ್ರಾಂಶುಪಾಲರ ಎರಡನೇ ವಿವರಣೆಯ ಹೊತ್ತಿಗೆ ಆ ಅಮ್ಮ ಯಂತ್ರವನ್ನು ಕಿವಿಯಿಂದ ತೆಗೆದು, ಒರೆಸಿ, ಡಬ್ಬಿಗೆ ಹಾಕಿ ಕೈಚೀಲದಲ್ಲಿಟ್ಟುಕೊಂಡರು. ಮುಖದಲ್ಲಿ ಪರಮ ಶಾಂತಿ.

ಹಂಗಾಮಿ ಮೇಡಂ ಎರಡೂ ಫೈಲುಗಳನ್ನು ವೇದಿಕೆಯ ಪಕ್ಕದ ಸಣ್ಣ ಮೇಜಿನ ಮೇಲಿಟ್ಟು, ಚಹಾ ಕೆಟಲು ಸೋರುತ್ತಿದೆಯೆಂದು ಕರೆ ಬಂದದ್ದರಿಂದ ಆ ಕಡೆ ಓಡಿದಳು. ಅವಳು ಕೆಟಲಿನ ಮೂತಿಗೆ ಬಟ್ಟೆ ಸುತ್ತುತ್ತಿದ್ದಾಗ ಒಳಗೆ ಮುಖ್ಯಸ್ಥರ ಹೆಸರು ಕೂಗಿದರು. ಮುಖ್ಯಸ್ಥರು ಎದ್ದು ಮೇಜಿನ ಹತ್ತಿರ ಬಂದರು. ಗಡಿಯಾರ ನೋಡಿದರು. ಹನ್ನೆರಡೂವರೆ. ನೀಲಿ ಫೈಲನ್ನು ಕೈಯಲ್ಲಿ ತೂಗಿ ನೋಡಿದರು, ಹಳದಿಯನ್ನು ತೂಗಿ ನೋಡಿದರು. ಎರಡರಲ್ಲೂ ಅಕ್ಷರ ದಪ್ಪ, ಎರಡೂ ಅವಳೇ ಬರೆದದ್ದು, ಎರಡರಲ್ಲೂ ಬಾಗಿಲಿತ್ತು. ಊಟದ ಹೊತ್ತಾಗಿತ್ತು. ತೆಳ್ಳಗಿದ್ದದ್ದನ್ನು ಎತ್ತಿಕೊಂಡರು.

ಅವಳು ಕೈ ಒರೆಸಿಕೊಳ್ಳುತ್ತಾ ಎಡಗಡೆಯ ಬಾಗಿಲಿಗೆ ಬರುವಷ್ಟರಲ್ಲಿ ಕಂಚಿನ ಕಂಠ ಮೊಳಗಿತ್ತು. "ನಾನು ಈ ಕಾಲೇಜಿಗೆ ಮೊದಲ ದಿನ ಬಂದದ್ದು ದಿಡ್ಡಿ ಬಾಗಿಲಿನಿಂದ. ಇವತ್ತಿಗೂ ಅಲ್ಲಿಂದಲೇ ಬರುತ್ತೇನೆ."

ಅವಳು ತಿರುಗಿ ನೋಡಿದಳು. ಮೇಜಿನ ಮೇಲೆ ನೀಲಿ ಫೈಲು ಬೆಪ್ಪಾಗಿ ಬಿದ್ದಿತ್ತು. ಅದನ್ನೆತ್ತಿ ಮುಖ್ಯಸ್ಥರತ್ತ ಬೀಸಿದಳು, ಗಂಟಲು ಸರಿಮಾಡಿದಳು, ಕೊನೆಗೆ ನಾಚಿಕೆ ಬಿಟ್ಟು "ಶ್‌ಶ್" ಎಂದಳು. ಪ್ರಾಂಶುಪಾಲರು ಅವಳನ್ನು ಕೆಂಗಣ್ಣಿನಿಂದ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಮುಖ್ಯಸ್ಥರಿಗೆ ಓದುವಾಗ ಪಕ್ಕಕ್ಕೆ ನೋಡುವ ರೂಢಿಯಿರಲಿಲ್ಲ. ಹಂಗಾಮಿ ಮೇಡಂ ಗೋಡೆಗೆ ಒರಗಿದಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ತನಗಾಗಿ ಬರೆದುಕೊಂಡದ್ದೂ ಅದೇ ಗಂಟಲಿಗೆ ಹೋಯಿತಲ್ಲ ಎಂದು ಅವಳಿಗೆ ಅಳು ಬಂತು.

ಅವಳು ತನ್ನ ಪ್ರಬಂಧಕ್ಕೆ ಓರೆಗೆರೆ ಅಡಿಗೆರೆ ಹಾಕಿರಲಿಲ್ಲ. ಮುಖ್ಯಸ್ಥರು ಮನಸ್ಸಿಗೆ ಬಂದಲ್ಲಿ ಕೈಯೆತ್ತಿದರು. "ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿಯಿಲ್ಲ" ಎಂದು ಗುಡುಗಿ ಬಲಗೈ ಎತ್ತಿದರು. ಸಭೆ ಚಪ್ಪಾಳೆ ತಟ್ಟಿತು. "ಒಂದು ಪಾಠ ತಪ್ಪಿದರೆ ಆ ತಿಂಗಳ ನೇಮಕ ರದ್ದು ಎಂಬ ಕರಾರಿಗೆ ಸಹಿ ಹಾಕಿದಾಗ ನಾನು ಆರು ತಿಂಗಳ ಗರ್ಭಿಣಿ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಮೂರನೇ ಸಾಲಿನಲ್ಲಿದ್ದ ವಿಮರ್ಶಕರೊಬ್ಬರು ನೋಟ್‌ಬುಕ್ಕಿನಿಂದ ತಲೆಯೆತ್ತಿ, "ರೂಪಕ, ರೂಪಕ" ಎಂದು ಪಕ್ಕದವರ ತೊಡೆ ತಟ್ಟಿದರು. ಪಕ್ಕದವರು ನಿದ್ದೆಯಿಂದ ಎಚ್ಚೆತ್ತು, ಹೌದು ಹೌದು ಎಂದರು. ಹಿಂದಿನ ಬೆಂಚಿನಲ್ಲಿದ್ದ ಇಬ್ಬರು ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಯಿಗೆ ಕರವಸ್ತ್ರ ತುರುಕಿಕೊಂಡರು.

ಮುಖ್ಯ ಅತಿಥಿ ನಿಧಾನವಾಗಿ ಕೈಚೀಲ ತೆರೆದರು. ಡಬ್ಬಿ ತೆಗೆದರು. ಯಂತ್ರವನ್ನು ಕಿವಿಗೆ ಹಾಕಿಕೊಂಡು, ಅದರ ಸಣ್ಣ ಗುಂಡಿಯನ್ನು ತಿರುಗಿಸಿ, ಊರುಗೋಲಿನ ಮೇಲೆ ಗದ್ದ ಊರಿ ಕೂತರು.

"ಗುರುವಾರ ಸಂಜೆ ನನಗೆ ಹೆಣ್ಣು ಮಗು ಹುಟ್ಟಿತು" ಎಂದು ಓದಿದರು ಮುಖ್ಯಸ್ಥರು, ಮೂವತ್ತು ವರ್ಷದ ಸೇವೆಯ ಗಾಂಭೀರ್ಯದಿಂದ. "ಸೋಮವಾರ ಬೆಳಿಗ್ಗೆ ಹೊಲಿಗೆ ಬಿಚ್ಚದ ಹೊಟ್ಟೆಯಲ್ಲಿ ಪಾಠಕ್ಕೆ ಬಂದೆ. ನಡುವೆ ಶುಕ್ರವಾರವಿತ್ತು. ಹಾಜರಿ ಪುಸ್ತಕದಲ್ಲಿ ಶುಕ್ರವಾರದ ಪಾಠವೂ ನಡೆದಿದೆ. ಹೇಗೆ ನಡೆಯಿತು ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ. ಇಲ್ಲಿಯ ತನಕ ಯಾರೂ ಕೇಳಿಲ್ಲ." ಫೈಲು ಮುಚ್ಚಿದರು. ಚಪ್ಪಾಳೆಯೋ ಚಪ್ಪಾಳೆ. ಊಟಕ್ಕೆ ಬಿಡುವ ಚಪ್ಪಾಳೆಗೆ ಯಾವಾಗಲೂ ಒಂದು ಪ್ರಾಮಾಣಿಕತೆ ಇರುತ್ತದೆ.

ಹಂಗಾಮಿ ಮೇಡಂ ಗಡಿಯಾರ ನೋಡಿದಳು. ಮೂರೂವರೆಗೆ ಒಂಬತ್ತನೇ ಕೊಠಡಿಯಲ್ಲಿ ಈಗ ಏನು ಓದುವುದು? ಇದನ್ನೇ ಓದಿದರೆ, ಬೆಳಿಗ್ಗೆ ಮುಖ್ಯಸ್ಥರು ಓದಿದ್ದನ್ನು ಕದ್ದಳು ಎನ್ನುತ್ತಾರೆ. 'ಬೇರೆಯವರ ಪ್ರಬಂಧ ಓದಿದವರಿಗೆ ಪ್ರಮಾಣಪತ್ರವಿಲ್ಲ' ಎಂದು ಸಮ್ಮೇಳನದ ನಿಯಮಾವಳಿಯಲ್ಲಿ ಬರೆದವಳೂ ಅವಳೇ. ದಪ್ಪ ಅಕ್ಷರದಲ್ಲಿ ಬೇರೆ.

"ಪ್ರಶ್ನೆಗಳಿದ್ದರೆ..." ಎಂದು ನಿರೂಪಕರು ಹೇಳಿದ್ದು ಬರೀ ಶಿಷ್ಟಾಚಾರಕ್ಕೆ. ಜನ ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಆಗ ಊರುಗೋಲು ನೆಲಕ್ಕೆ ಬಡಿದ ಸದ್ದಾಯಿತು.

"ನನ್ನದೊಂದು ಪ್ರಶ್ನೆ ಇದೆ" ಎಂದರು ಮುಖ್ಯ ಅತಿಥಿ. "ನಲವತ್ತು ವರ್ಷದಲ್ಲಿ ಎಷ್ಟೋ ಭಾಷಣ ಕೇಳಿದೀನಿ. ಉತ್ತರ ತಿಳ್ಕೋಬೇಕು ಅಂತ ಪ್ರಶ್ನೆ ಕೇಳ್ತಿರೋದು ಇದೇ ಮೊದಲು. ನಿಮಗೆ ಗುರುವಾರ ಹೆರಿಗೆ ಆಯ್ತು ಅಂದ್ರಿ. ಸೋಮವಾರ ಪಾಠಕ್ಕೆ ಬಂದ್ರಿ. ಶುಕ್ರವಾರದ ಪಾಠ ಮಾಡಿದವರು ಯಾರು?"

ಚಪ್ಪಲಿಗೆ ತೂರಿದ ಕಾಲುಗಳು ಅಲ್ಲೇ ನಿಂತವು. ಮುಖ್ಯಸ್ಥರು ಅಳುಕಲಿಲ್ಲ. "ಬಹಳ ಒಳ್ಳೇ ಪ್ರಶ್ನೆ" ಎಂದು ಕಣ್ಣು ಮುಚ್ಚಿದರು. ಎಡಗೈ ಮೇಜಿನ ಹಿಂದಿನಿಂದ ಕೆಳಗಿಳಿಯಿತು.

ಹಂಗಾಮಿ ಮೇಡಂ ಪೆನ್ನು ತೆಗೆದಳು. ಎಂಥ ಉತ್ತರ ಬರೆಯಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷದ ಅನುಭವ. ಬರೆದೂ ಬಿಟ್ಟಳು: 'ಅದೊಂದು ರೂಪಕ.' ಇಷ್ಟೇ ಸಾಕು. ವಿಮರ್ಶಕರಿಗೆ ಸಂತೋಷ, ಮುಖ್ಯಸ್ಥರ ಮಾನ ಭದ್ರ, ಸಮ್ಮೇಳನ ಸುಸೂತ್ರ, ಶಿಫಾರಸು ಪತ್ರಕ್ಕೆ ಸಹಿ. ಮೂರೂವರೆಗೆ ನೀಲಿ ಫೈಲಿನಿಂದ ನಾಲ್ಕು ಪುಟ ಓದಿದರೆ ಪ್ರಮಾಣಪತ್ರವೂ ಸಿಗುತ್ತದೆ. ಒಂಬತ್ತನೇ ಕೊಠಡಿಯಲ್ಲಿ ಕೇಳುವವರು ಯಾರಿರುತ್ತಾರೆ, ಮುರಿದ ಬೆಂಚುಗಳು ತಾನೆ.

ಚೀಟಿ ಮಡಿಸಿದಳು. ಕೈ ಮುಂದೆ ಹೋಗಲಿಲ್ಲ.

ಎದುರಿಗೆ, ಸಭಾಂಗಣದ ಹಿಂದಿನ ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಪ್ರಬಂಧದಲ್ಲಿ ತನ್ನ ವಿಷಯ ಬಂದಿದೆಯೆಂದು ಒಂದು ವಾರದ ಹಿಂದೆ ಅವಳೇ ಅವನಿಗೆ ಅದನ್ನು ಓದಿ ಹೇಳಿ ಒಪ್ಪಿಗೆ ಕೇಳಿದ್ದಳು. ಇಡೀ ಸಭೆಯಲ್ಲಿ ಮೊದಲ ವಾಕ್ಯದಿಂದಲೇ ವಿಷಯ ಏನೆಂದು ಗೊತ್ತಾದವನು ಅವನೊಬ್ಬನೇ. ಅವನು ಅವಳನ್ನೇ ನೋಡುತ್ತಿದ್ದ, ಪಾಠ ಒಪ್ಪಿಸಲು ಎದ್ದುನಿಂತ ಮಗುವನ್ನು ನೋಡುವ ಹಾಗೆ. ಅವಳಿಗೆ ಮೈಯೆಲ್ಲ ಉರಿಯಿತು. ಆ ಶುಕ್ರವಾರ ರೂಪಕವಾಗಿರಲಿಲ್ಲ. ಆ ಶುಕ್ರವಾರ ಹನ್ನೆರಡು ಹೊಲಿಗೆಯಿತ್ತು, ಪಕ್ಕದಲ್ಲಿ ಅಂಗೈಯಷ್ಟು ಮುಖದ ಒಂದು ಮಗುವಿತ್ತು. ಬೆಳಿಗ್ಗೆ ಆಣೆ ಹಾಕಿಸಿಕೊಂಡದ್ದು ಆ ಮಗುವೇ.

ಮೇಜಿನ ಹಿಂದೆ ಮುಖ್ಯಸ್ಥರ ಬೆರಳುಗಳು ಬೇಗ ಬೇಗ ಎಂದು ಸನ್ನೆ ಮಾಡುತ್ತಿದ್ದವು.

ಅವಳು ಮೊದಲ ಚೀಟಿಯನ್ನು ಹರಿದು ಮುಷ್ಟಿಯಲ್ಲಿ ಹಿಡಿದುಕೊಂಡಳು. ಇನ್ನೊಂದನ್ನು ಬರೆದಳು. ದಪ್ಪ ಅಕ್ಷರದಲ್ಲಿ ಬರೆದಳು. ಅಭ್ಯಾಸಬಲ ನೋಡಿ, ಉಸಿರಿನ ಜಾಗದಲ್ಲಿ ಓರೆಗೆರೆ ಹಾಕಿದಳು, ಕೊನೆಯ ವಾಕ್ಯಕ್ಕೆ ಅಡಿಗೆರೆ ಎಳೆದಳು. ಆ ಕೈಗೆ ಇಟ್ಟಳು.

ಮುಖ್ಯಸ್ಥರು ಕಣ್ಣು ತೆರೆದರು. ಸಭೆಯನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಕಂಚಿನ ಕಂಠದಲ್ಲಿ, ಒಂದು ಅಕ್ಷರವೂ ನುಂಗದೆ, ಓದಿದರು. "ಈ ಪ್ರಬಂಧ ಬರೆದವಳು ವೇದಿಕೆಯ ಎಡಗಡೆಯ ಬಾಗಿಲ ಹತ್ತಿರ ನಿಂತಿದ್ದಾಳೆ. ನಾನು ಓದುವ ಎಲ್ಲವನ್ನೂ ಬರೆಯುವವಳು ಅವಳೇ. ಶುಕ್ರವಾರದ ಪಾಠ ಯಾರು ಮಾಡಿದರು ಎಂದು ಅವಳನ್ನು ಕೇಳಿ. ನನಗೆ ಗೊತ್ತಿಲ್ಲ, ನಾನು ಓದಿದೆ ಅಷ್ಟೆ."

ಕೊನೆಯ ವಾಕ್ಯಕ್ಕೆ ಬಲಗೈ ಎತ್ತಿದರು.

ಕೈ ಎತ್ತಿದ ಕೂಡಲೇ ಸಭೆ ರೂಢಿಯಂತೆ ಚಪ್ಪಾಳೆ ತಟ್ಟಿತು. ತಟ್ಟುತ್ತಾ ತಟ್ಟುತ್ತಾ ಒಬ್ಬೊಬ್ಬರಿಗೇ ಅರ್ಥವಾಗತೊಡಗಿತು. ಚಪ್ಪಾಳೆ ಮುಂದಿನ ಸಾಲಿನಿಂದ ನಿಲ್ಲುತ್ತಾ ಬಂತು. ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಮುಖ್ಯಸ್ಥರಿಗೆ. ಎತ್ತಿದ ಕೈಯನ್ನು ಇಳಿಸುವುದೋ ಬೇಡವೋ ತಿಳಿಯದೆ, ಅದೇ ಕೈಯಿಂದ ತಲೆ ಕೆರೆದುಕೊಂಡರು.

"ಬಾಮ್ಮಾ ಇಲ್ಲಿ" ಎಂದರು ಮುಖ್ಯ ಅತಿಥಿ.

ಹಂಗಾಮಿ ಮೇಡಂ ಮೆಟ್ಟಿಲು ಹತ್ತಿದಳು. ಇಪ್ಪತ್ತಮೂರು ಪ್ರಬಂಧ ಬರೆದವಳಿಗೆ ಮೈಕಿನ ಮುಂದೆ ಎಷ್ಟು ಹತ್ತಿರ ನಿಲ್ಲಬೇಕೆಂದೂ ತಿಳಿಯದು. ಮೊದಲ ಮಾತಿಗೆ ಮೈಕು ಕಿರುಚಿತು. ಒಂದು ಹೆಜ್ಜೆ ಹಿಂದೆ ಸರಿದಳು.

"ನಾನೇ ಮಾಡಿದೆ" ಎಂದಳು.

"ಆಸ್ಪತ್ರೆಯಿಂದಾನಾ?"

"ಹೌದು ಮೇಡಂ. ವಾರ್ಡಿನ ಮಂಚದ ಮೇಲಿಂದ, ಫೋನಲ್ಲಿ. ಪಾಠ ತಪ್ಪಿದ್ರೆ ಕೆಲಸ ಹೋಗ್ತಿತ್ತು. ಆಚೆ ತುದಿಯಲ್ಲಿ ಫೋನ್ ಹಿಡ್ಕೊಂಡು ನಿಲ್ಲೋಕೆ ಯಾರಾದ್ರೂ ಬೇಕಿತ್ತು. ಸ್ಟಾಫ್ ರೂಮಲ್ಲಿ ಎಲ್ಲರನ್ನೂ ಕೇಳ್ದೆ. ಎಲ್ಲರಿಗೂ ಕೆಲಸ ಇತ್ತು." ಅವಳು ಎದುರು ಬಾಗಿಲ ಕಡೆ ಕೈ ತೋರಿಸಿದಳು. "ಅವರು ಗೇಟಿಗೆ ಬೀಗ ಹಾಕಿ ಬಂದು, ಐವತ್ತು ನಿಮಿಷ, ಅರವತ್ತು ಮಕ್ಕಳ ಮುಂದೆ ಕೈ ಎತ್ತಿ ಫೋನ್ ಹಿಡ್ಕೊಂಡು ನಿಂತ್ರು. ನಾನು ಹೇಳಿದ್ದನ್ನ ಬೋರ್ಡ್ ಮೇಲೆ ಬರೀಬೇಕು ಅಂದ್ರೆ, ಅವರಿಗೆ ಇಂಗ್ಲಿಷ್ ಅಕ್ಷರ ಬರ್ತಿರಲಿಲ್ಲ. ನಾನು ಒಂದೊಂದೇ ಅಕ್ಷರದ ಆಕಾರ ಹೇಳಿದೆ. ನೇರ ಗೆರೆ, ಪಕ್ಕದಲ್ಲಿ ಅರ್ಧ ಚಂದ್ರ ಅಂತ. ಅವರು ಬರೆದ್ರು. ಆ ಹೊತ್ತು ಗೇಟು ಮುಚ್ಚಿತ್ತು ಅಂತ ಅವರ ಒಂದು ದಿನದ ಸಂಬಳ ಹಿಡಿದ್ರು. ಅವತ್ತು ಕ್ಲಾಸಲ್ಲಿ ಯಾರು ಎಷ್ಟು ಕಲಿತರೋ ಗೊತ್ತಿಲ್ಲ. ಅವರು ಕಲಿತರು."

ಸಭೆ ಹಿಂದಕ್ಕೆ ತಿರುಗಿ ನೋಡಿತು. ಬೆಳಿಗ್ಗೆ ತಲೆ ಚಚ್ಚಿಕೊಂಡ ಐವರೂ ನೋಡಿದರು. ಕಾವಲುಗಾರನಿಗೆ ಏನು ಮಾಡಬೇಕೆಂದು ತೋಚದೆ, ಬಾಗಿಲನ್ನು ಇನ್ನಷ್ಟು ಅಗಲ ತೆರೆದು ನಿಂತುಕೊಂಡ. ಹಿಂದಿನ ಬೆಂಚಿನ ಇಬ್ಬರು ಹೆಂಗಸರು ಕರವಸ್ತ್ರವನ್ನು ಬಾಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡಿದ್ದರು.

ಇಷ್ಟಾದ ಮೇಲೆ ಮುಖ್ಯಸ್ಥರು ಮುಖ ಮುಚ್ಚಿಕೊಂಡು ಓಡಿಹೋದರು ಎಂದುಕೊಂಡಿರಾ? ಓಡಿಹೋಗುವವರು ಮುಖ್ಯಸ್ಥರಾಗುವುದಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವಷ್ಟರಲ್ಲಿ ಅವರಿಗೆ ದಾರಿ ಸಿಕ್ಕಿತ್ತು. "ಇದೊಂದು ಪ್ರಯೋಗ ಸಾರ್" ಎಂದು ಪ್ರಾಂಶುಪಾಲರಿಗೆ ಹೇಳುತ್ತಿದ್ದರು. "ಲೇಖಕಿ ಬಾಗಿಲ ಮರೆಯಿಂದ ಹೊರಗೆ ಬರಬೇಕು ಅಂತಲೇ ಪ್ಲಾನ್ ಮಾಡಿದ್ವಿ. ಸಮ್ಮೇಳನದ ವಿಷಯ ಹೆಬ್ಬಾಗಿಲು ಅಲ್ವಾ?" ಪ್ರಾಂಶುಪಾಲರು "ಅದ್ಭುತ" ಎಂದರು. ವಿಮರ್ಶಕರು ತಮಗೆ ಮೊದಲೇ ಗೊತ್ತಿತ್ತು ಎಂದರು.

ಮುಖ್ಯ ಅತಿಥಿ ಮಾತ್ರ ತಟ್ಟೆ ಮುಟ್ಟದೆ, "ಪ್ರಮಾಣಪತ್ರ ಎಲ್ಲಿದೆ ತಾಯಿ?" ಎಂದು ಹಂಗಾಮಿ ಮೇಡಂನನ್ನು ಕೇಳಿದರು. ಅದರಲ್ಲಿ ಎರಡು ಸಾಲುಗಳಿದ್ದವು. ಪ್ರಬಂಧ ಬರೆದವರು, ಪ್ರಬಂಧ ಓದಿದವರು. ಎರಡೂ ಕಡೆ ಒಂದೇ ಹೆಸರು ಬರೆಯುವುದು ವಾಡಿಕೆ. ಆ ಅಮ್ಮ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದರು. ಎರಡನೇ ಸಾಲಿನಲ್ಲಿ ಮುಖ್ಯಸ್ಥರ ಹೆಸರು ಬರೆದು, ಪಕ್ಕದಲ್ಲಿ 'ಹಂಗಾಮಿಯಾಗಿ' ಎಂದು ಸೇರಿಸಿ, ತಮ್ಮ ಸಹಿ ಹಾಕಿದರು. "ಸೋಮವಾರ ಇದನ್ನ ಎಲ್ಲಕ್ಕಿಂತ ಮೇಲಿಟ್ಟುಕೊಂಡು ಬಾ. ಆ ಪ್ರಶ್ನೆ ನಾನೇ ಮತ್ತೆ ಕೇಳ್ತೀನಿ, ಉಳಿದವರೂ ಕೇಳಿಸಿಕೊಳ್ಳಲಿ" ಎಂದರು. ಆಮೇಲೆ ಯಂತ್ರ ತೆಗೆದು ಡಬ್ಬಿಗೆ ಹಾಕಿಕೊಂಡು ಊಟಕ್ಕೆ ಹೋದರು.

ಇನ್ನುಳಿದದ್ದು ವಿಭಾಗದ ಮುಖ್ಯಸ್ಥರ ಸಹಿ. ಹಂಗಾಮಿ ಮೇಡಂ ಪ್ರಮಾಣಪತ್ರವನ್ನೂ ಅದರ ಕೆಳಗೆ ಶಿಫಾರಸು ಪತ್ರವನ್ನೂ ಹಿಡಿದು ಊಟದ ಸಾಲಿಗೆ ಹೋದಳು. ಮುಖ್ಯಸ್ಥರ ಸುತ್ತ ಜನ ನೆರೆದಿದ್ದರು. ಪ್ರಯೋಗದ ವಿವರಣೆ ಜೋರಾಗಿ ನಡೆದಿತ್ತು. ಅಷ್ಟು ಜನರೆದುರು ಅವರು ಅವಳಿಗೆ ಇಲ್ಲ ಎನ್ನುವಂತಿರಲಿಲ್ಲ.

"ಕೊಡಿ ಕೊಡಿ, ನಮ್ಮ ಮೇಡಂಗಲ್ಲದೆ ಇನ್ಯಾರಿಗೆ" ಎಂದು ಮುಖ್ಯಸ್ಥರು ದೊಡ್ಡ ದನಿಯಲ್ಲಿ ನಕ್ಕು, ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಎರಡಕ್ಕೂ ಸಹಿ ಹಾಕಿದರು. ಎಂದಿನಂತೆ, ಓದದೆ.